ನೇತ್ರಾಳ ಮೈಮೇಲೆ ಬಿದ್ದ ನೀರು

ಗಜೇಂದ್ರಗಡದ ಗುಡ್ಡದ ಕಾಲಕಾಲೇಶ್ವರನನ್ನು, ನಮ್ಮ ಕಳಕಪ್ಪನನ್ನು, ನಂಬಿದವರೇ, ಆ ದೇವರನ್ನು ನಾನು ಬಾಯಿಗೆ ಬಂದಂತೆ ಬೈದವಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ರೋಣದಲ್ಲಿ ಬಟ್ಟೆ ಹೊಲಿಯುತ್ತೇನೆ. ಹದಿನೈದು ವರ್ಷದ ಮಗಳು ನೇತ್ರಾ ಊರಿನ ಸಂಘದಲ್ಲಿ ಖೋ-ಖೋ ಆಡುತ್ತಾಳೆ. ಹೋದ ಏಪ್ರಿಲ್‌ನ ಒಂದು ಶನಿವಾರ ನರಗುಂದದಲ್ಲಿ ಪಂದ್ಯವಿತ್ತು; ನಾನೂ ಜೊತೆಗೆ ಹೋಗಿದ್ದೆ. ಬಸ್ಸಿನಿಂದ ಇಳಿದದ್ದೇ ನಮ್ಮ ಕೋಚ್ ಹುಡುಗಿಯರ ನೀರಿನ ಬಾಟಲಿಗಳನ್ನೆಲ್ಲ ಕಸಿದು ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿದ.

"ಆಟ ಮುಗಿಯೂತನಕ ಒಂದ್ ಹನಿ ಕುಡಿಯಂಗಿಲ್ಲ. ಹೊಟ್ಟಿ ಭಾರ ಆದ್ರ ಓಡಾಕ ಆಗೂದಿಲ್ಲ."

ನಾನು ಅವನನ್ನು ತಡೆಯಲಿಲ್ಲ. ಅದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು.

ಎದುರು ತಂಡದ ಟೀಚರ್, ಐವತ್ತರ ಹೆಂಗಸು, ನೇತ್ರಾಳನ್ನು ನೋಡಿ, "ಈಕಿ ವಯಸ್ಸು ಹೆಚ್ಚೈತಿ, ದಾಖಲಿ ತೋರಸ್ರಿ" ಎಂದಳು. ಮಂದಿಯ ಮುಂದೆಯೇ ಅವಳ ಜೊತೆ ಜಗಳಕ್ಕಿಳಿದೆ.

ಮಧ್ಯಾಹ್ನದ ಎರಡನೇ ಪಂದ್ಯದಲ್ಲಿ ನೇತ್ರಾ ಕಂಬದ ಬಳಿ ಕುಸಿದಳು. ಮೈ ಹಂಚಿನಂತೆ ಸುಡುತ್ತಿತ್ತು. ಏನೇನೋ ಬಡಬಡಿಸುತ್ತಿದ್ದಳು.

"ನಾಟಕ ಮಾಡಬ್ಯಾಡ, ಏಳು!" ಎಂದು ಕೋಚ್ ಗದರಿಸಿದ. ಅವನ ಅಂಗಿ ಹಿಡಿದು ಜಗ್ಗಿದೆ. ಅವನು ಬೀಗದ ಕೈ ಹುಡುಕುತ್ತ ನಿಂತ. ಆಗಲೇ ಕೂಗಿದೆ: "ಕಳಕಪ್ಪಾ, ಸೋಮವಾರ ಬಿಡದ ನಿನ್ನ ಗುಡ್ಡ ಹತ್ತೇನಿ. ಕಣ್ಣ ಹೋಗ್ಯಾವೇನು ನಿನಗ?"

ಓಡಿ ಬಂದವಳು ಆ ಟೀಚರ್. ತನ್ನ ತಂಡಕ್ಕೆಂದು ತಂದಿದ್ದ ಬರ್ಫದ ನೀರನ್ನೆಲ್ಲ ನೇತ್ರಾಳ ಮೈಮೇಲೆ ಸುರಿದಳು. ನಾನು ಬಾಯಿಗೆ ನೀರು ಹಾಕಲು ಹೋದರೆ ಕೈಗೆ ಹೊಡೆದಳು.

"ಎಚ್ಚರ ಇಲ್ಲದಾಕಿಗೆ ಕುಡಸಬ್ಯಾಡ್ರಿ, ನೆತ್ತಿಗೇರತೈತಿ! ಮೈ ತಣ್ಣಗ ಮಾಡ್ರಿ, ಗಾಳಿ ಹಾಕ್ರಿ!"

ಆಟೋದಲ್ಲೂ ದವಾಖಾನೆ ಬರುವವರೆಗೆ ಹಸಿ ಟವೆಲ್ ಒತ್ತುತ್ತಲೇ ಬಂದಳು.

"ಮೊದಲ ಮೈ ತಂಪ ಮಾಡಿದ್ದು ಚಲೋ ಆತ್ರಿ. ಇಲ್ಲಂದ್ರ ಹುಡುಗಿ ಕೈಗೆ ಸಿಗತಿದ್ದಿಲ್ಲ" ಎಂದರು ಡಾಕ್ಟರ್.

ಸಂಜೆ ಮಗಳು ನನ್ನನ್ನು ಗುರುತು ಹಿಡಿದಳು. ಆ ಟೀಚರ್ ಕೈ ಹಿಡಿದು ಅತ್ತೆ. "ದಾಖಲಿ ಮಾತ್ರ ನಾ ನೋಡೇ ನೋಡತೀನ್ರಿ" ಎಂದಳು ಆಕೆ, ನಗದೆ.

ಮಗಳು ಚೇತರಿಸಿಕೊಂಡ ಮೇಲೆ ಗಜೇಂದ್ರಗಡದ ಬಸ್ ಹತ್ತಿ, ದೇವರ ಮುಂದೆ ತಪ್ಪಾಯಿತೆಂದೆ. ಬೈಸಿಕೊಂಡೂ ಕೈಬಿಡದವನನ್ನು ಇನ್ನು ನಾನು ಬಿಡುವುದುಂಟೇ? ಅಲ್ಲಿಗೆ ಕೋಚ್ ಕೂಡ ಕಾಯಿ ಹಿಡಿದು ಬಂದಿದ್ದ.

"ಅಕ್ಕಾರ, ದೇವರ ಮುಂದ ನಿಂತೇನಿ, ಕ್ಷಮಿಸಿಬಿಡ್ರಿ."

"ದೇವರು ಕ್ಷಮಿಸಿದ್ರ ಕ್ಷಮಿಸ್ಲಿ. ನಾ ಸಂಘಕ್ಕ ಅರ್ಜಿ ಕೊಟ್ಟ ಬಂದೇನಿ. ಇನ್ನ ಯಾವ ಹುಡುಗಿ ಬಾಟ್ಲಿನೂ ನೀ ಮುಟ್ಟಂಗಿಲ್ಲ" ಎಂದು, ತೀರ್ಥ ತೆಗೆದುಕೊಂಡು ಮೆಟ್ಟಿಲಿಳಿದೆ.