ಒಲೆಯ ಅಳತೆ

ಶಹಾಬಾದಿನ ನಮ್ಮ ಮನೆಯ ಅಡುಗೆಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸುತ್ತಿದ್ದೆವು. ಕೂತು ರೊಟ್ಟಿ ಬಡಿದು ನನ್ನ ಮೊಣಕಾಲು ಹಿಡಿದುಕೊಂಡಿದ್ದವು. ಗೋಡೆಗೆ ಹೊಂದಿಸಿ ಫರಸಿ ಕಲ್ಲಿನ ಎತ್ತರದ ಕಟ್ಟೆ ಕಟ್ಟಿಸಿ, ಒಲೆಯನ್ನು ಅದರ ಮೇಲಿಡಬೇಕೆಂದು ಹಟ ಹಿಡಿದವಳು ನಾನೇ. ನಲವತ್ತು ವರ್ಷ ನೆಲದ ಒಲೆಯ ಮುಂದೆ ಕೂತು ಬೆನ್ನು ಬಾಗಿದ, ನನ್ನ ಭುಜಕ್ಕೂ ಬಾರದ ಅತ್ತೆ ಎರಡು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದರು.

ಕಟ್ಟೆ ಕಟ್ಟುವ ಗೌಂಡಿ ಬಂದವನೇ ಮನೆಯ ಯಜಮಾನರೆಂದು ನನ್ನ ಗಂಡನನ್ನು ಗೋಡೆಗೆ ನಿಲ್ಲಿಸಿ, ಅವರ ಸೊಂಟದ ಮಟ್ಟಕ್ಕೆ ಸುಣ್ಣದ ಗೆರೆ ಎಳೆದ. ನನಗೆ ಮೈಯೆಲ್ಲ ಉರಿಯಿತು.

"ರೊಟ್ಟಿ ಬಡ್ಯಾವ್ರು ಅವ್ರೇನು?" ಅಂದೆ.

ಗಂಡ ಕಣ್ಣು ಕೆಕ್ಕರಿಸಿದರು. ಅಷ್ಟರಲ್ಲಿ ಅತ್ತೆ ಎದ್ದು ಬಂದರು. ಇನ್ನು ಜಗಳ ತಪ್ಪದು ಅಂದುಕೊಂಡೆ. ಅವರು ಸೆರಗಿನಿಂದ ಆ ಗೆರೆ ಒರೆಸಿ, ನನ್ನ ರಟ್ಟೆ ಹಿಡಿದು ಗೋಡೆಗೆ ನಿಲ್ಲಿಸಿದರು.

"ಇಕಿ ಅಳತಿ ತಗೋಪಾ. ಬಡಿಯಾಕಿ ಇಕಿನೇ."

ಗೆದ್ದೆನೆಂದು ಬೀಗಿದೆ. ಕಟ್ಟೆಯಾಯಿತು, ಒಲೆ ಹೊತ್ತಿತು. ಮೊದಲ ದಿನ ಅತ್ತೆ ರೊಟ್ಟಿ ಬಡಿಯಲು ನಿಂತರೆ ಕಟ್ಟೆ ಅವರ ಎದೆಮಟ್ಟಕ್ಕಿತ್ತು. ಕೈಯ ಹಿಟ್ಟು ತೊಳೆದುಕೊಂಡು ಹೊರಗೆ ಹೋಗಿ ಕೂತರು.

ಅವರ ಅಳತೆಯನ್ನು ಯಾರೂ ಕೇಳಿರಲಿಲ್ಲ, ನಾನೂ.