ಜಯಕ್ಕನ ವಾಪಸ್ ಟಿಕೆಟ್

ಜಯಕ್ಕನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲೆಯೇ. ಚಳ್ಳಕೆರೆಯಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ಪಹಣಿಯಿಂದ ಹಿಡಿದು ವಿಮಾನದ ಟಿಕೆಟ್‌ವರೆಗೆ ಎಲ್ಲ ಬಲ್ಲೆ ಎಂದು ಬೀಗುತ್ತಿದ್ದವನು ನಾನು.

ಜಯಕ್ಕ ಹತ್ತಿರದ ನನ್ನಿವಾಳ ಎಂಬ ಊರಿನವಳು. ಅವ್ವ ತೀರಿಕೊಂಡಾಗ ಅವಳಿಗೆ ಹದಿನೇಳು, ತಮ್ಮ ಬಾಲರಾಜನಿಗೆ ಮೂರು. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಶೇಂಗಾ ಹಸನು ಮಾಡಲು ಬಂದಳು. ನೋಡಲು ಬಂದ ಗಂಡುಗಳಿಗೆಲ್ಲ "ತಮ್ಮನೂ ನನ್ ಜತೀಗೇ ಬರ್ತಾನೆ" ಅನ್ನುತ್ತಿದ್ದಳಂತೆ. ಒಬ್ಬರೂ ಎರಡನೇ ಸಲ ಬರಲಿಲ್ಲ. ಹುಡುಗ ಮಿಲ್ಲಿನ ಸದ್ದಿನಲ್ಲೇ ಬೆಳೆದು ಫಿಟ್ಟರ್ ಆದ, ಕಿವಿಗೊಟ್ಟು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದ. ಇಲ್ಲಿನ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಮಲೇಷ್ಯಾದ ತಾಳೆ ಎಣ್ಣೆ ಮಿಲ್ಲಿಗೆ ಹೊರಟ. ಹೊರಡುವ ಮೊದಲು ಅಕ್ಕನಿಗೂ ಪಾಸ್‌ಪೋರ್ಟ್ ಮಾಡಿಸಿದ. "ನಮ್ಮಕ್ಕನೂ ಒಂದ್ಸಲ ವಿಮಾನ ಹತ್ಲಿ ಕಣಣ್ಣ" ಅಂದಿದ್ದ. ಆ ಅರ್ಜಿ ತುಂಬಿದವನೂ ನಾನೇ.

ಕಳೆದ ಶ್ರಾವಣದಲ್ಲಿ ಅಲ್ಲಿಂದ ಫೋನ್ ಬಂತು. ಬಾಲರಾಜ ಲಿವರ್ ಕೆಟ್ಟು ಆಸ್ಪತ್ರೆ ಸೇರಿದ್ದಾನೆ, ಆಗಾಗ ಎಚ್ಚರ ತಪ್ಪುತ್ತಿದೆ, ನೋಡುವುದಿದ್ದರೆ ಬೇಗ ಬನ್ನಿ ಎಂದು ಜತೆಯ ಕೆಲಸಗಾರ ಹೇಳಿದ. ಜಯಕ್ಕ ಪಾಸ್‌ಪೋರ್ಟ್ ಹಿಡಿದು ನನ್ನ ಅಂಗಡಿಗೆ ಓಡಿಬಂದಳು.

"ಅಮರೇಶ, ನಾಳೆಗೇ ಟಿಕೆಟ್ ಮಾಡು."

"ಆತಕ್ಕ. ಮೂವತ್ತು ದಿನದ ಒಳಗಾದ್ರೆ ವೀಸಾ ಬ್ಯಾಡ. ವಾಪಸ್ ಬರೋ ಟಿಕೆಟ್ ತೋರಿಸ್ಬೇಕು ಅಷ್ಟೆ. ಯಾವತ್ತಿಗೆ ಹಾಕ್ಲಿರಿ?"

ಅವಳ ಮುಖ ಕಪ್ಪಿಟ್ಟಿತು. "ಕಾಯಿಲೆ ಬಿದ್ದೋರ್ನ ನೋಡೋಕೆ ಹೋಗೋರು ಬರೋ ದಿನ ಹೇಳ್ತಾರೇನೋ? ಅವ್ನಿಗೆ ನಾನೇ ದಿನ ಇಟ್ಟಂಗಾಗಲ್ವಾ? ಅವ್ನು ಎದ್ದು ಓಡಾಡಿದ ಮ್ಯಾಲೆ ಬರ್ತೀನಿ."

ನಮ್ಮ ಕಡೆ ಈ ಮಾತನ್ನು ತೆಗೆದುಹಾಕುವವರು ಕಡಿಮೆ. ನಮ್ಮವ್ವನೂ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೊರಟರೆ ಊಟಕ್ಕೆ ಬರುತ್ತೇನೆಂದು ಸಹ ಹೇಳುತ್ತಿರಲಿಲ್ಲ. ಆದರೆ ನಿಯಮ ತಿಳಿದ ನಾನು ಹಠ ಹಿಡಿಯಬೇಕಿತ್ತು. ಅವಳಿಗೆ ಹೇಳದೆ ಒಂದು ದಿನ ಹಾಕಿಬಿಡಬೇಕಿತ್ತು. ಎಷ್ಟೋ ಜನರ ಹತ್ತಿರ ವಾಪಸ್ ಟಿಕೆಟ್ ಕೇಳುವುದೇ ಇಲ್ಲ, ಈ ಹೆಂಗಸಿನ ಮುಖ ನೋಡಿದರೆ ಯಾರಾದರೂ ಬಿಟ್ಟಾರು ಎಂದುಕೊಂಡೆ. ಹೋಗುವ ಟಿಕೆಟ್ ಒಂದನ್ನೇ ಮಾಡಿಕೊಟ್ಟು ಬೆಳಗಿನ ಬಸ್ಸಿಗೆ ಹತ್ತಿಸಿದೆ.

ಮಧ್ಯಾಹ್ನ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಅವಳ ಫೋನ್. ವಾಪಸ್ ಟಿಕೆಟ್ ಇಲ್ಲದೆ ಬಿಡುವುದಿಲ್ಲ ಎಂದು ಕೌಂಟರಿನ ಹುಡುಗಿ ತಡೆದಿದ್ದಳು. ಜಯಕ್ಕ ಬಾಲರಾಜನ ಫೋಟೊ ತೋರಿಸಿ ಬೇಡಿಕೊಂಡಳಂತೆ. ಪಾಪ, ಆ ಹುಡುಗಿಯಾದರೂ ಏನು ಮಾಡಿಯಾಳು! ಇಪ್ಪತ್ತು ನಿಮಿಷದಲ್ಲಿ ಕೌಂಟರ್ ಮುಚ್ಚುವುದಿತ್ತು.

"ಅಕ್ಕ, ದಿನ ಹೇಳ್ರಿ. ಈಗ್ಲೇ ಮಾಡ್ತೀನಿ."

ಆ ಕಡೆ ಅವಳು ಮೂಗು ಸೇದುವುದಷ್ಟೇ ಕೇಳಿತು.

"ಅಕ್ಕ, ಹೊತ್ತಾಗ್ತೈತೆ!"

"ನನ್ ಬಾಯಾಗೆ ಹೇಳಿಸ್ಬ್ಯಾಡ ಕಣಪ್ಪ," ಎಂದು ಅತ್ತಳು. ಕೇಳಿದೆ, ಬೈದೆ, ಬೇಡಿದೆ. ಕೊನೆಗೆ "ನೀನೇ ಯಾವ್ದಾದ್ರೂ ಹಾಕು" ಎಂದಳು. ಅಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಬ್ಯಾಂಕಿನ ಒಟಿಪಿ ಬರುವುದೂ ತಡವಾಯಿತು. ಟಿಕೆಟ್ ಅವಳ ಫೋನಿಗೆ ತಲುಪಿದಾಗ ಕೌಂಟರ್ ಮುಚ್ಚಿತ್ತು.

ಮುಂದಿನ ವಿಮಾನ ಮರುದಿನಕ್ಕೆ. ಅವಳು ಅಲ್ಲೇ ಕುರ್ಚಿಯ ಮೇಲೆ ಕೂತಳು. ಬೆಳಿಗ್ಗೆ, ಅದಿನ್ನೂ ಹೊರಡುವ ಮೊದಲೇ, ಬಾಲರಾಜ ಹೋದನೆಂಬ ಸುದ್ದಿ ಬಂತು. ನಸುಕಿನಲ್ಲಿ ಎಚ್ಚರವಾದಾಗ "ಅಕ್ಕ ಬಂದ್ಲಾ?" ಎಂದು ಎರಡು ಸಲ ಕೇಳಿದ್ದನಂತೆ. ಹಿಂದಿನ ದಿನದ ವಿಮಾನ ತಪ್ಪದಿದ್ದರೆ ಅಷ್ಟು ಹೊತ್ತಿಗೆ ಅವಳು ಅವನ ಮಂಚದ ಪಕ್ಕದಲ್ಲಿರುತ್ತಿದ್ದಳು. ಇದನ್ನು ನೆನೆದರೆ ನನಗೆ ಈಗಲೂ ಅನ್ನ ಸೇರುವುದಿಲ್ಲ.

ದೇಹ ಬರಲು ಎಂಟು ದಿನವಾಯಿತು. ನನ್ನಿವಾಳದಲ್ಲಿ ಮಣ್ಣು ಮಾಡಿದೆವು. ಅವಳಿಗೆ ಮುಖ ತೋರಿಸಲು ನನಗೆ ಧೈರ್ಯವಿರಲಿಲ್ಲ, ಹಿಂದೆ ನಿಂತಿದ್ದೆ. ತಿಂಗಳ ಮೇಲೆ ಅವಳೇ ಅಂಗಡಿಗೆ ಬಂದಳು. ಬೈಯಲಿ ಎಂದು ಕಾದೆ, ಬೈಯಲಿಲ್ಲ.

"ಅವತ್ತು ವಾಪಸ್ ಟಿಕೆಟ್ ಎಷ್ಟನೇ ದಿನಕ್ಕೆ ಹಾಕಿದ್ದೆ?"

"ಇಪ್ಪತ್ತೊಂಬತ್ತನೇ ದಿನಕ್ಕಕ್ಕ. ಅದ್ಕಿಂತ ಮುಂದಕ್ಕೆ ಹಾಕೋಕೆ ಬರ್ತಿರ್ಲಿಲ್ಲ."

ಜಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು.

"ನೀನು ಅವ್ನಿಗೆ ಅಷ್ಟು ದಿನ ಕೊಟ್ಟಿದ್ದೆ ಕಣೋ. ನೀನು ಕೇಳ್ದಾಗ ನನ್ ಮನಸ್ನಾಗೆ ಬಂದಿದ್ದು ನಾಕೇ ದಿನ. ಅದ್ಕೇ ಬಾಯಿ ಬಿಡ್ಲಿಲ್ಲ."