ಓದಿ ಹೇಳಿದ್ದೇನೆ ಎಂಬ ಒಂದು ಸಾಲು

ವೈದ್ಯಕೀಯ ಶಿಕ್ಷಣದ ಮಾತು ಬಂದಾಗ ಕಟ್ಟಡ, ಯಂತ್ರ, ಸೀಟುಗಳ ಸಂಖ್ಯೆ ಇವನ್ನೇ ಮುಂದೆ ಮಾಡುವುದು ನಮ್ಮಲ್ಲಿ ರೂಢಿ. ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಅವಕ್ಕೇನೂ ಕೊರತೆಯಿಲ್ಲ. ಆದರೂ ಇಲ್ಲಿ ಕಲಿತು ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ದವಾಖಾನೆ ಇಟ್ಟವರನ್ನು ಜನ ಗುರುತಿಸುವುದು ‘ಬರೆದದ್ದನ್ನು ಓದಿ ಹೇಳುವ ಡಾಕ್ಟರು’ ಎಂದು. ಆ ಹೆಸರನ್ನು ನಮಗೆ ಗಳಿಸಿಕೊಟ್ಟವರು ಸಮುದಾಯ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಮೃಣಾಲಿನಿ ಕಾತರಕಿಯವರು. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರಿಗೆ ಹೊಗಳಿಕೆಯೆಂದರೆ ಆಗಿಬರುವುದಿಲ್ಲ. ಆದ್ದರಿಂದ ಈ ಅಭಿನಂದನ ಸಂಪುಟಕ್ಕೆ ನಾನು ನನ್ನದೇ ಒಂದು ತಪ್ಪನ್ನು ಬರೆದು ಕೊಡುತ್ತಿದ್ದೇನೆ.

ರಾಮದುರ್ಗದ ವಿದ್ವಾಂಸರ ಮನೆತನದಲ್ಲಿ ಹುಟ್ಟಿದ ಮೇಡಂ, ಕಾಲೇಜಿನ ಗೋಡೆಗಳಿಗೆ ಇನ್ನೂ ಗಿಲಾವು ಆಗದಿದ್ದ ಕಾಲದಲ್ಲಿ ಇಲ್ಲಿಗೆ ಬಂದು ಸೇರಿದರು. ಹೊರರಾಜ್ಯದ ವಿದ್ಯಾರ್ಥಿಗಳು ಕನ್ನಡ ಬಾರದೆ ವಾರ್ಡಿನಲ್ಲಿ ಕೈಸನ್ನೆ ಮಾಡುವುದನ್ನು ಕಂಡು, ಅವರಿಗೆ ಭಾಷೆ ಕಲಿಸುವ ಹೊಣೆಯನ್ನು ವಾರ್ಡಿನ ಆಯಾ ಗಂಗಾಬಾಯಿಯವರಿಗೆ ಒಪ್ಪಿಸಿದರು. ಪರೀಕ್ಷೆಯನ್ನೂ ಗಂಗಾಬಾಯಿಯವರೇ ಮಾಡುತ್ತಿದ್ದರು, ನಿರ್ದಾಕ್ಷಿಣ್ಯವಾಗಿ ನಪಾಸು ಮಾಡುತ್ತಿದ್ದರು. ಇತ್ತೀಚೆಗೆ ಬೊಂಬೆಗಳ ಮೇಲೆ ಹೆರಿಗೆ, ಉಸಿರಾಟಗಳ ಅಭ್ಯಾಸ ಮಾಡಿಸುವ ಕೌಶಲ ಪ್ರಯೋಗಾಲಯ ಬಂದದ್ದೂ ಮೇಡಂ ಅವರ ಹಟದಿಂದಲೇ. ಮೊದಲ ತಪ್ಪು ಬೊಂಬೆಯ ಮೇಲೆ ಆಗಿಹೋಗಲಿ ಎಂದು ಅವರು ಆಡಳಿತ ಮಂಡಳಿಯ ಸಭೆಯಲ್ಲಿ ವಾದಿಸಿದ್ದರಂತೆ.

ಅವರು ಹಾಕಿಕೊಟ್ಟ ಪದ್ಧತಿ ಹೇಳಲು ಬಹಳ ಸುಲಭ. ರೋಗಿಯ ವೃತ್ತಾಂತವನ್ನು ಬರೆದ ವಿದ್ಯಾರ್ಥಿ ಅದನ್ನು ಆ ರೋಗಿಯ ಎದುರಿಗೇ ಕುಳಿತು, ಆತನಿಗೆ ತಿಳಿಯುವ ಕನ್ನಡದಲ್ಲಿ ಓದಿ ಹೇಳಬೇಕು. ಆತ ತಿದ್ದಿದ್ದನ್ನು ತಿದ್ದಿಕೊಂಡು, ಕೊನೆಗೆ ‘ಓದಿ ಹೇಳಿದ್ದೇನೆ’ ಎಂದು ಬರೆದು ಸಹಿ ಮಾಡಬೇಕು. ಜೊತೆಗೆ ಬಂದ ಗಂಡನಿಗೋ ಮಗನಿಗೋ ಓದಿದರೆ ನಡೆಯುವುದಿಲ್ಲ. ಆ ಸಾಲಿಲ್ಲದ ಕಾಗದವನ್ನು ಮೇಡಂ ಕೈಯಿಂದ ಮುಟ್ಟುತ್ತಿರಲಿಲ್ಲ.

ನಾನು ಸಂಪಗಾಂವದ ಒಕ್ಕಲುತನದ ಮನೆಯವಳು. ಈ ನೆಲದ ಜನರನ್ನು ನನಗೆ ಯಾರೂ ಓದಿ ಹೇಳಿ ತಿಳಿಸಬೇಕಾಗಿಲ್ಲ ಎಂಬ ಧಿಮಾಕು ನನ್ನಲ್ಲಿತ್ತು. ಹತ್ತು ವರ್ಷಗಳ ಹಿಂದೆ, ಇಂಟರ್ನ್‌ಶಿಪ್ಪಿನ ಕೊನೆಯ ತಿಂಗಳಲ್ಲಿ, ಮುರಗೋಡದಲ್ಲಿರುವ ಕಾಲೇಜಿನ ಗ್ರಾಮೀಣ ಆರೋಗ್ಯ ಕೇಂದ್ರದಲ್ಲಿದ್ದೆ. ಅಲ್ಲಿಗೆ ತಂಗೆವ್ವ ಎಂಬ ಅರವತ್ತರ ಹೆಣ್ಣುಮಗಳನ್ನು ಮಗ ಶಟ್ಟೆಪ್ಪ ಕರೆತಂದಿದ್ದ. ಮೂರು ತಿಂಗಳಿಂದ ಗುಳಿಗೆ ನುಂಗುತ್ತಿದ್ದರೂ ಆಕೆಯ ರಕ್ತದೊತ್ತಡ ಇಳಿದಿರಲಿಲ್ಲ. ಕೇಳಿದ್ದಕ್ಕೆಲ್ಲ ಮಗನೇ ಪಟಪಟ ಉತ್ತರ ಕೊಟ್ಟ; ಅವ್ವ ಒಂದು ದಿನವೂ ಗುಳಿಗೆ ತಪ್ಪಿಸಿಲ್ಲ ಎಂದ. ಹೊರಗೆ ಪಾಳಿ ಉದ್ದವಾಗಿತ್ತು. ನಾನು ಗುಳಿಗೆಯನ್ನು ಎರಡು ಪಟ್ಟು ಮಾಡಿ, ತಂಗೆವ್ವನ ಮುಖವನ್ನೂ ಸರಿಯಾಗಿ ನೋಡದೆ, ‘ಓದಿ ಹೇಳಿದ್ದೇನೆ’ ಎಂದು ಬರೆದು ಸಹಿ ಹಾಕಿದೆ.

ಮೇಡಂ ಅಂದು ತಪಾಸಣೆಗೆ ಬಂದಿದ್ದರು. ಔಷಧದ ಕಿಟಕಿಯ ಬಳಿ ನಿಂತಿದ್ದ ತಂಗೆವ್ವನ ಕೈಯಿಂದ ಕಾಗದ ತೆಗೆದುಕೊಂಡು, ಆಕೆಯನ್ನು ಬೆಂಚಿನ ಮೇಲೆ ಕೂಡಿಸಿ, ತಾವೂ ಪಕ್ಕದಲ್ಲಿ ಕುಳಿತು ಓದತೊಡಗಿದರು. ಈವರೆಗೆ ದಿನಾ ಒಂದು ಗುಳಿಗೆ ಎಂಬಲ್ಲಿಗೆ ಬಂದಾಗ ತಂಗೆವ್ವ ತಡೆದಳು.

“ಒಂದ ಎಲ್ಲೀದ್ರಿ ಬಾಯಾರ? ಅರ್ಧಾ ನನಗ, ಅರ್ಧಾ ನಮ್ಮ ನೆಗೆಣ್ಣಿ ಮುದಕವ್ವಗ. ಆಕಿಗೂ ತಲಿ ತಿರಗತೈತಿ. ಒಂದ ಮನ್ಯಾಗ ಒಬ್ಬಾಕಿ ಔಷಧ ತಗೊಂಡು ಇನ್ನೊಬ್ಬಾಕಿ ಸುಮ್ಮ ಕುಂದ್ರೂದು ಛಲೋ ಕಾಣಂಗಿಲ್ಲರಿ.”

ಇದನ್ನು ಮಗನಿಗೇಕೆ ಹೇಳಲಿಲ್ಲ ಎಂದು ಮೇಡಂ ಕೇಳಿದರು. ಅಡುಗೆಮನೆಯ ಸಂಗತಿ ಅವನಿಗೇನು ಗೊತ್ತು ಎಂದಳು ತಂಗೆವ್ವ. ಈ ಡಾಕ್ಟರಬಾಯಿಗೆ ಹೇಳಬಹುದಿತ್ತಲ್ಲ ಎಂದದ್ದಕ್ಕೆ ನನ್ನತ್ತ ನೋಡಿ, “ಅವರು ನನ್ನ ಕೇಳಲೇ ಇಲ್ಲಲ್ಲರಿ” ಎಂದಳು. ದೂರಿನ ದನಿಯೇನೂ ಅದರಲ್ಲಿರಲಿಲ್ಲ.

ಮರುದಿನ ತಂಗೆವ್ವನ ವಾರಗಿತ್ತಿ ಮುದಕವ್ವನನ್ನು ಕರೆಸಿ ನೋಡಿದರೆ ಆಕೆಯ ಮೈಯಲ್ಲಿ ರಕ್ತವೇ ಕಡಿಮೆ, ಒತ್ತಡ ಮೊದಲೇ ಕುಸಿದಿತ್ತು. ಬೇಡದ ಅರ್ಧ ಗುಳಿಗೆಗೇ ಆಕೆ ಎರಡು ಸಲ ಹಿತ್ತಲಲ್ಲಿ ಕಣ್ಣುಕತ್ತಲೆ ಬಂದು ಬಿದ್ದಿದ್ದಳು. ನಾನು ಬರೆದುಕೊಟ್ಟಂತೆ ಆಗಿದ್ದರೆ ಆಕೆಯ ಪಾಲೂ ಎರಡು ಪಟ್ಟಾಗುತ್ತಿತ್ತು.

ಸುಳ್ಳು ದಾಖಲೆ ಬರೆದ ಇಂಟರ್ನಿಗೆ ಹದಿನೈದು ದಿನ ಹೆಚ್ಚಿಗೆ ಕೆಲಸವೆಂಬುದು ವಿಭಾಗದ ನಿಯಮ. ಆ ವರ್ಷದ ಸ್ನಾತಕೋತ್ತರ ಪ್ರವೇಶಕ್ಕೆ ಮಾರ್ಚ್ ಅಂತ್ಯದೊಳಗೆ ಇಂಟರ್ನ್‌ಶಿಪ್ ಮುಗಿದಿರಬೇಕಿತ್ತು. ಹದಿನೈದು ದಿನ ಬೆಳೆದರೆ ನನಗೆ ಒಂದು ವರ್ಷವೇ ಹೋಗುತ್ತಿತ್ತು, ಒಳ್ಳೆಯ ರ‍್ಯಾಂಕಿಗೆ ಸಿಗಬಹುದಾಗಿದ್ದ ಸೀಟೂ ಕೈತಪ್ಪುತ್ತಿತ್ತು. ಅತ್ತು ಕರೆದು ಕಾಲಿಗೆ ಬೀಳುವ ಸಿದ್ಧತೆಯಲ್ಲೇ ನಾನು ಮೇಡಂ ಅವರ ಕೋಣೆಗೆ ಹೋದೆ. ಅವರು ನನ್ನ ಪೂರ್ಣತಾ ಪತ್ರವನ್ನು ಮೇಜಿನ ಮೇಲಿಟ್ಟರು. ಹೆಚ್ಚಿನ ದಿನಗಳು ಎಂಬ ಕಲಂ ಖಾಲಿಯಿತ್ತು.

“ನೀನ ತುಂಬು ಶೀತಲ. ಸೊನ್ನಿ ಬರದರೂ ಸಹಿ ಮಾಡತೇನಿ, ಹದಿನೈದು ಬರದರೂ ಮಾಡತೇನಿ. ನಾ ಯಾರಿಗೂ ಹೇಳಂಗಿಲ್ಲ.”

ಅಷ್ಟು ಹೇಳಿ ಅವರು ರೋಗಿಗಳನ್ನು ನೋಡಲು ಹೊರಗೆ ಹೋದರು. ನಾನು ಒಬ್ಬಳೇ ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಮನೆಯಲ್ಲಿ ಏನು ಹೇಳಲಿ, ಗೆಳತಿಯರಿಗೆ ಏನು ಹೇಳಲಿ ಎಂದೆಲ್ಲ ಯೋಚಿಸಿದೆ; ಮೇಡಂ ಮೇಲೆ ಕೆಟ್ಟ ಸಿಟ್ಟೂ ಬಂತು, ಶಿಕ್ಷೆಯನ್ನು ತಾವೇ ಕೊಟ್ಟಿದ್ದರೆ ಅವರನ್ನು ಬೈದುಕೊಂಡಾದರೂ ಇರಬಹುದಿತ್ತು. ಕೊನೆಗೆ ಹದಿನೈದು ಎಂದು ಬರೆದೆ.

ಹೋದ ಆ ವರ್ಷವನ್ನು ಮೇಡಂ ನನಗೆ ಬೇರೆ ರೀತಿಯಲ್ಲಿ ತುಂಬಿಕೊಟ್ಟರು. ಮುರಗೋಡದ ಕೇಂದ್ರದಲ್ಲೇ ಕೆಲಸ ಕೊಡಿಸಿದರು; ವಾರಕ್ಕೆ ಎರಡು ದಿನ ತಮ್ಮ ಊಟದ ಡಬ್ಬಿಯಲ್ಲಿ ನನಗೂ ಎರಡು ಚಪಾತಿ ಹೆಚ್ಚಿಗೆ ತಂದು, ಉಣ್ಣುತ್ತಲೇ ಪಾಠ ಹೇಳಿದರು. ತಂಗೆವ್ವನಿಗೂ ಮುದಕವ್ವನಿಗೂ ನಾನು ಬೇರೆ ಬೇರೆ ಬಣ್ಣದ ಡಬ್ಬಿಗಳಲ್ಲಿ ಅವರವರ ಗುಳಿಗೆ ಕೊಟ್ಟೆ. ಆರು ವಾರದಲ್ಲಿ ತಂಗೆವ್ವನ ಒತ್ತಡ ಹತೋಟಿಗೆ ಬಂತು, ಮುದಕವ್ವ ಹೊಲಕ್ಕೆ ಬುತ್ತಿ ಒಯ್ಯುವಷ್ಟು ಗಟ್ಟಿಯಾದಳು. ಮುಂದಿನ ವರ್ಷ ನಾನು ಆರಿಸಿಕೊಂಡದ್ದು ಸಮುದಾಯ ವೈದ್ಯಶಾಸ್ತ್ರವನ್ನು. ಈಗ ಅದೇ ವಿಭಾಗದಲ್ಲಿ ಪಾಠ ಮಾಡುತ್ತಿದ್ದೇನೆ.

ಈ ಲೇಖನ ಬರೆಯುವ ಮೊದಲು ಮೇಡಂ ಅವರನ್ನು ಕಂಡು, ಹತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರಶ್ನೆಯೊಂದನ್ನು ಕೇಳಿದೆ. ನಾನು ಸೊನ್ನೆ ಬರೆದಿದ್ದರೆ ನಿಜವಾಗಿಯೂ ಸಹಿ ಮಾಡುತ್ತಿದ್ದರೇ?

“ಮಾಡತಿದ್ದೆ. ಮಾತು ಕೊಟ್ಟಿದ್ದೆನಲ್ಲ. ಆದರ ಆವತ್ತ ಪೇಷಂಟ್ ನೋಡಕೋತ ಕುಂತಾಗ ಒಬ್ಬಾಕೀದ ಬಿಪಿ ಮೂರ ಸಲ ನೋಡಿದೆ, ಲಕ್ಷ್ಯ ಎಲ್ಲಾ ನಿನ್ನ ಕಡೆ ಇತ್ತು. ಆರು ವರ್ಷ ನಾವೆಲ್ಲಾ ಕೂಡಿ ಏನ ಕಲಿಸೇವಿ ಅನ್ನೂದು ಆ ಕೋಣ್ಯಾಗ ನಿನ್ನ ಮುಂದ ಇತ್ತು.”

ಆ ದಿನ ಆ ಕೋಣೆಯಲ್ಲಿ ಪರೀಕ್ಷೆಗೆ ಕುಳಿತವಳು ನಾನೊಬ್ಬಳೇ ಎಂದು ಇಷ್ಟು ವರ್ಷ ತಿಳಿದಿದ್ದೆ. ಈ ಸಂಗತಿಯನ್ನು ಇಂದು ಅಚ್ಚಿಗೆ ಕೊಡುತ್ತಿರುವುದು ನನ್ನ ವಿದ್ಯಾರ್ಥಿಗಳೂ ಓದಲಿ ಎಂದೇ.

ಮೇಡಂ ಇನ್ನು ಮುಂದೆಯೂ ಮಂಗಳವಾರಕ್ಕೊಮ್ಮೆ ಮುರಗೋಡಕ್ಕೆ ಬರುವುದಾಗಿ ಒಪ್ಪಿದ್ದಾರೆ. ಅವರು ನೂರು ವರ್ಷ ಆರೋಗ್ಯದಿಂದ ಬಾಳಲಿ, ನಾವು ಬರೆದದ್ದನ್ನು ಸಂಶಯದಿಂದ ನೋಡುತ್ತಲೇ ಇರಲಿ. ವಯಸ್ಸೆಂಬುದು ಯಾರನ್ನೂ ಬಿಟ್ಟಿಲ್ಲ. ಎಂದಾದರೊಂದು ದಿನ ಮಗಳ ಕೈ ಹಿಡಿದು ಅವರೂ ಒಬ್ಬ ವೈದ್ಯನ ಮುಂದೆ ಬಂದು ಕುಳಿತುಕೊಳ್ಳಬೇಕಾದೀತು. ಈ ನಾಲ್ಕು ತಾಲ್ಲೂಕುಗಳಲ್ಲಿ ಆತ ಅವರ ವಿದ್ಯಾರ್ಥಿಯೇ ಆಗಿರುವ ಸಂಭವ ಹೆಚ್ಚು. ಆಗ ಮಗಳು ಮಾತು ಶುರು ಮಾಡುತ್ತಿದ್ದಂತೆ ಆತ ಆಕೆಯನ್ನು ನಯವಾಗಿ ತಡೆದು, ಮೇಡಂ ಅವರ ಕಡೆಗೆ ತಿರುಗಿ, “ನೀವ ಹೇಳ್ರಿ” ಎನ್ನಲಿ.

— ಡಾ. ಶೀತಲ, ಸಂಪಗಾಂವ